ಕಿವಿಗೆ ಕಟ್ಟಿದ ರಂಗಮಂಚ

ಚಾಮರಾಜನಗರ ಜಿಲ್ಲೆಯ ಪಾಲಾರ್, ಹನೂರಿನ ಸೀಮೆಗೆ ರೇಡಿಯೊ ಎಂದರೆ ಮೈಸೂರು. ಅಲ್ಲಿನ ಒಂಟಿಕೊಪ್ಪಲಿನ ತಮ್ಮ ಮನೆಯಿಂದಲೇ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಪ್ರಸಾರ ಶುರುಮಾಡಿದ್ದು. ಟ್ರಾನ್ಸ್‌ಮಿಟರಿನ ಬಲ ಬರೀ 30 ವ್ಯಾಟ್. ಹೆಸರು ಮಾತ್ರ ದೊಡ್ಡದು, ‘ಆಕಾಶವಾಣಿ’.

ರೇಡಿಯೊ ಬಂದ ಮೇಲೆ ನಾಟಕವೂ ಬಂತು; ಆದರೆ ಬಾನುಲಿ ನಾಟಕದಲ್ಲಿ ಪರದೆಯಿಲ್ಲ, ಬಣ್ಣವಿಲ್ಲ. ಪಾತ್ರ ಹೊರಟುಹೋಗಬೇಕೆಂದರೆ ಕಲಾವಿದ ಮಾತಾಡುತ್ತಲೇ ಮೈಕಿನಿಂದ ಹಿಂದೆ ಸರಿಯುತ್ತಾನೆ. ತೆಂಗಿನ ಚಿಪ್ಪು ಕುಟ್ಟಿದರೆ ಕುದುರೆ ಬಂತು. ಹಾಳೆ ಮಗುಚುವಾಗ ಸದ್ದಾದರೆ ಕಥೆಯೇ ಕೆಟ್ಟಿತು!

ನಗೆನಾಟಕಕ್ಕೆ ಇನ್ನೂ ಕಷ್ಟ. ಮುಖ ಸೊಟ್ಟ ಮಾಡಿದರೆ ಕಾಣುವವರಾರು? ದನಿಯ ಏರಿಳಿತ, ಸಕಾಲದ ಮೌನ, ಇವೇ ಬಂಡವಾಳ. ಅಮೆರಿಕದ ರೇಡಿಯೊ ಹಾಸ್ಯನಟ ಜಾಕ್ ಬೆನ್ನಿ 1948ರಲ್ಲಿ ಇದನ್ನು ತೋರಿಸಿಕೊಟ್ಟ: ಕಳ್ಳ ‘ದುಡ್ಡೋ, ಪ್ರಾಣವೋ’ ಎಂದಾಗ ಜಿಪುಣನ ಪಾತ್ರದ ಬೆನ್ನಿ ಸುಮ್ಮನೆ ನಿಂತದ್ದಕ್ಕೇ ಜನ ಬಿದ್ದು ಬಿದ್ದು ನಕ್ಕರು. ಬೆಂಗಳೂರು ಕೇಂದ್ರದ ಎ.ಎಸ್. ಮೂರ್ತಿಯವರಂತೂ ಪಾತ್ರದ ಹೆಸರಲ್ಲೇ ‘ಆಕಾಶವಾಣಿ ಈರಣ್ಣ’ನಾಗಿ ಮನೆಮಾತಾದರು.

ಹಿಂದಿಯಲ್ಲಿ ವಿವಿಧ ಭಾರತಿಯ ‘ಹವಾಮಹಲ್’ ಪುಟ್ಟ ನಗೆನಾಟಕಗಳನ್ನು ಕೊಟ್ಟರೆ, ಪತ್ತೇದಾರಿ ಸರಣಿಯ ‘ಇನ್ಸ್‌ಪೆಕ್ಟರ್ ಈಗಲ್’ ಕೊಲೆಗಡುಕರ ಬೆನ್ನು ಹತ್ತಿದ. ಪತ್ತೇದಾರಿಗೆ ರೇಡಿಯೊವೇ ಸರಿಯಾದ ಜಾಗ ಎನ್ನಬೇಕು: ಕತ್ತಲ ಕೋಣೆಯಲ್ಲಿ ಯಾರಿದ್ದಾರೆಂಬುದು ಪತ್ತೇದಾರನಿಗೂ ಗೊತ್ತಿಲ್ಲ, ಕೇಳುಗನಿಗೂ ಗೊತ್ತಿಲ್ಲ. ಟಿ.ವಿ.ಯಲ್ಲಾದರೆ ಆ ಕತ್ತಲೆಗೂ ಒಂದಿಷ್ಟು ಲೈಟು ಬಿಡಬೇಕಾಗುತ್ತದೆ.