ಮೀಟರ್ ನೋಡದ ಹೂಡಿಕೆ

ಪೀಣ್ಯದ ಯಂತ್ರಶಾಲೆಗಳಲ್ಲಿಯೂ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ತಂತ್ರಾಂಶ ಕಚೇರಿಗಳಲ್ಲಿಯೂ ದುಡಿಯುವವರ ಉಳಿತಾಯ ಒಂದು ಕಾಲಕ್ಕೆ ಚೀಟಿ, ನಿಶ್ಚಿತ ಠೇವಣಿ, ಚಿನ್ನ, ನಿವೇಶನಗಳ ಸುತ್ತಲೇ ತಿರುಗುತ್ತಿದ್ದು, ಈಚೆಗೆ ಅದರ ಒಂದು ಪಾಲು ಮೊಬೈಲಿನ ಮೂಲಕ ಷೇರುಪೇಟೆಗೆ ಹರಿಯುತ್ತಿದೆ. ಆ ಪಾಲಿನೊಳಗೂ ಸೌರಫಲಕ, ಗಾಳಿಯಂತ್ರ, ಬ್ಯಾಟರಿ, ವಿದ್ಯುತ್ ವಾಹನ ಎಂಬ ಹೆಸರು ಹೊತ್ತ ಸಣ್ಣ ಕಂಪನಿಗಳ ಷೇರುಗಳಿಗೆ ಬೇರೆಯದೇ ಸೆಳೆತವಿದೆ. ಈ ರೂಢಿಯನ್ನು ಜೂಜೆಂದು ತಳ್ಳಿಹಾಕುವುದು ಸುಲಭವಾದರೂ ನ್ಯಾಯವಲ್ಲ, ಏಕೆಂದರೆ ಹೊಸ ಇಂಧನ ಉದ್ಯಮಕ್ಕೆ ಅಪಾಯ ಹೊರುವ ಬಂಡವಾಳ ಬೇಕೇ ಬೇಕು. ವಿಮರ್ಶೆಗೆ ಒಳಪಡಬೇಕಾದದ್ದು ಆ ಅಪಾಯವನ್ನು ಅಳೆಯುವ ಬಗೆ: ಕಾರ್ಖಾನೆಯ ಲೆಕ್ಕವನ್ನು ಬೆರಳ ತುದಿಯಲ್ಲಿಟ್ಟುಕೊಂಡ ಜನ ಕಾರ್ಖಾನೆಯ ಷೇರು ಕೊಳ್ಳುವಾಗ ಮಾತ್ರ ಆ ಲೆಕ್ಕವನ್ನು ಬದಿಗಿಡುತ್ತಾರೆ.

ಮೊದಲ ಎಡವಟ್ಟು ಆಗುವುದು ಬೆಲೆಯನ್ನು ಓದುವುದರಲ್ಲಿ. ಕೆಲವೇ ರೂಪಾಯಿಗೆ ಸಿಗುವ ಷೇರನ್ನು ಪೇಟೆಯ ಮಾತಿನಲ್ಲಿ ಪೆನ್ನಿ ಸ್ಟಾಕ್ ಎನ್ನುತ್ತಾರೆ. ಹತ್ತು ರೂಪಾಯಿಯದು ನೂರಾಗುವುದು ಸಾವಿರದ್ದು ಹತ್ತು ಸಾವಿರವಾಗುವುದಕ್ಕಿಂತ ಸಲೀಸು ಎಂಬ ನಂಬಿಕೆ ಅದರ ಬೆನ್ನಿಗಿದೆ. ಆದರೆ ಕಂಪನಿಯ ನಿಜವಾದ ಬೆಲೆಯೆಂದರೆ ಒಂದು ಷೇರಿನ ದರವನ್ನು ಒಟ್ಟು ಷೇರುಗಳ ಸಂಖ್ಯೆಯಿಂದ ಗುಣಿಸಿದಾಗ ಬರುವ ಮಾರುಕಟ್ಟೆ ಮೌಲ್ಯ. ಉಡುಪಿ ಜಿಲ್ಲೆಯ ಪಡುಬಿದ್ರಿಯಲ್ಲಿ ಗಾಳಿಯಂತ್ರದ ರೆಕ್ಕೆ ತಯಾರಿಸುವ ಘಟಕದಿಂದಾಗಿ ಕನ್ನಡಿಗರಿಗೆ ಪರಿಚಿತವಾದ ಸುಜ್ಲಾನ್ ಕಂಪನಿಯ ಕಥೆ ಈ ಗುಣಾಕಾರದ ಪಾಠವೇ ಆಗಿದೆ. 2008ರ ಜನವರಿಯಲ್ಲಿ ಅದರ ಷೇರು 400 ರೂಪಾಯಿ ದಾಟಿದ್ದಾಗ ಒಟ್ಟು ಷೇರುಗಳು ಸುಮಾರು 150 ಕೋಟಿ ಇದ್ದುವು, ಅಂದರೆ ಕಂಪನಿಯ ಮೌಲ್ಯ 60,000 ಕೋಟಿ ರೂಪಾಯಿಗೂ ಮೇಲಿತ್ತು. ಜರ್ಮನಿಯ ಆರ್‌ಇಪವರ್ ಕಂಪನಿಯನ್ನು ಕೊಳ್ಳಲು ಮಾಡಿದ ಸಾಲದ ಹೊರೆ, 2012ರ ಅಕ್ಟೋಬರಿನಲ್ಲಿ ವಿದೇಶಿ ಬಾಂಡುಗಳ ಸುಮಾರು 21 ಕೋಟಿ ಡಾಲರ್ ತೀರಿಸಲಾಗದ ಸುಸ್ತಿ, ಇವೆಲ್ಲದರ ಬಳಿಕ 2020ರ ಮಾರ್ಚ್ ಹೊತ್ತಿಗೆ ಷೇರು ಎರಡು ರೂಪಾಯಿಯ ಆಸುಪಾಸಿಗೆ ಇಳಿಯಿತು. ಬದುಕುಳಿಯಲು ಕಂಪನಿ ಮತ್ತೆ ಮತ್ತೆ ಹೊಸ ಷೇರು ಹೊರಡಿಸಿತು. 2022ರ ಅಕ್ಟೋಬರಿನಲ್ಲಿ ಹಕ್ಕಿನ ಷೇರುಗಳನ್ನು, ಎಂದರೆ ಇದ್ದ ಷೇರುದಾರರಿಗೇ ಮೊದಲು ನೀಡುವ ಹೊಸ ಷೇರುಗಳನ್ನು, ತಲಾ 5 ರೂಪಾಯಿಗೆ ಮಾರಿ 1,200 ಕೋಟಿ ಎತ್ತಿತು. 2024ರ ಸೆಪ್ಟೆಂಬರಿನಲ್ಲಿ ದರ 86 ರೂಪಾಯಿ ಮುಟ್ಟಿದಾಗ ಷೇರುಗಳ ಸಂಖ್ಯೆ ಸುಮಾರು 1,360 ಕೋಟಿಗೆ ಏರಿದ್ದರಿಂದ ಕಂಪನಿಯ ಮೌಲ್ಯ ಒಂದು ಲಕ್ಷ ಕೋಟಿ ದಾಟಿತ್ತು. ಕಂಪನಿ 2008ರ ಎತ್ತರವನ್ನು ಮೀರಿತ್ತು. 2008ರ ತುದಿಯಲ್ಲಿ ಕೊಂಡವನು ಮಾತ್ರ ತನ್ನ ಹಣದ ಕಾಲು ಭಾಗವನ್ನೂ ಕಂಡಿರಲಿಲ್ಲ. ಎರಡು ರೂಪಾಯಿಗೆ ಕೊಂಡವನ ನಲವತ್ತು ಪಟ್ಟು ಲಾಭ ಎಲ್ಲೆಡೆ ಮಾತಾಗುತ್ತದೆ, ಆದರೆ ಆ ಲಾಭಕ್ಕೆ ನೆಲ ಹಾಸಿದ್ದು ಹಳೆಯ ಷೇರುದಾರನ ಪಾಲು ತೆಳುವಾದದ್ದೇ ಎಂಬುದು ಆ ಮಾತಿನಲ್ಲಿ ಬರುವುದಿಲ್ಲ.

ಎರಡನೆಯ ಎಡವಟ್ಟು ಇಂಧನ ಉದ್ಯಮದ ಗುಣವನ್ನು ಮರೆಯುವುದು. ಮಾರಿದ ಪ್ರತಿ ಯೂನಿಟ್ಟಿನ ದರ ದೀರ್ಘ ಕರಾರಿನಲ್ಲಿ ಮೊದಲೇ ನಿಗದಿಯಾಗಿರುವ ಈ ವ್ಯಾಪಾರ ಸ್ವಭಾವದಲ್ಲಿ ಬಾಡಿಗೆಯ ವರಮಾನಕ್ಕೆ ಹತ್ತಿರವಾದದ್ದು. ಸರ್ಕಾರ ನಿಗದಿಪಡಿಸಿದ ದರದ ಬದಲು ಹರಾಜು ಬಂದು 2017ರ ಫೆಬ್ರವರಿಯಲ್ಲಿ ಗಾಳಿ ವಿದ್ಯುತ್ ಯೂನಿಟ್ಟಿಗೆ 3.46 ರೂಪಾಯಿಗೆ ಇಳಿದಾಗ, ಆ ಇಳಿಕೆಯ ಒತ್ತಡವನ್ನು ಯಂತ್ರ ತಯಾರಕರೂ ಹೊರಬೇಕಾಯಿತು. ಪಾವಗಡದ 2,050 ಮೆಗಾವ್ಯಾಟ್ ಸೌರ ಪಾರ್ಕಿಗೆ ಸುಮಾರು 13,000 ಎಕರೆ ಗುತ್ತಿಗೆ ಕೊಟ್ಟ ರೈತರು ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರ ಏರಿಕೆ ಎಂದು ಕರಾರು ಬರೆಸಿಕೊಂಡರು. ಬಿಸಿಲಿನ ಮೇಲೆ ಗಳಿಸುವುದಕ್ಕೆ ಮಿತಿಯಿದೆ ಎಂಬುದು ಆ ಕರಾರಿನಲ್ಲೇ ಬರೆದಿದೆ. ಅದೇ ಬಿಸಿಲಿನ ಹೆಸರಿನ ಷೇರು ಒಂದೇ ವರ್ಷದಲ್ಲಿ ಐದು ಪಟ್ಟಾಗಬೇಕೆಂದು ನಗರದ ಹೂಡಿಕೆದಾರ ಬಯಸುತ್ತಾನೆ.

ಮೂರನೆಯದು, ಘೋಷಣೆಯನ್ನು ಉತ್ಪಾದನೆಯೆಂದು ತಿಳಿಯುವುದು. ಇದಕ್ಕೆ ಜೆನ್‌ಸೋಲ್ ಎಂಜಿನಿಯರಿಂಗ್‌ಗಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಸೌರ ಗುತ್ತಿಗೆಯಿಂದ ಆರಂಭಿಸಿ, ಬೆಂಗಳೂರಿನ ರಸ್ತೆಗಳಲ್ಲಿಯೂ ಓಡಾಡಿದ ಬ್ಲೂಸ್ಮಾರ್ಟ್ ಟ್ಯಾಕ್ಸಿಗಳಿಗೆ ಕಾರು ಒದಗಿಸಿದ ಈ ಕಂಪನಿ 2019ರಲ್ಲಿ ಷೇರುಪೇಟೆಯ ಸಣ್ಣ ಉದ್ದಿಮೆಗಳ ವೇದಿಕೆಯಲ್ಲಿ ನೋಂದಾಯಿತವಾಗಿ, ಬಳಿಕ ಮುಖ್ಯ ಪೇಟೆಗೆ ಬಂದಿತು. 2025ರ ಏಪ್ರಿಲ್ 15ರಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ ಹೊರಡಿಸಿದ ಮಧ್ಯಂತರ ಆದೇಶದ ಪ್ರಕಾರ, 6,400 ವಿದ್ಯುತ್ ಕಾರುಗಳಿಗೆಂದು ಸಾಲ ಪಡೆದ ಕಂಪನಿ ಕೊಂಡದ್ದು 4,704 ಕಾರುಗಳನ್ನು, ಮತ್ತು ಸುಮಾರು 262 ಕೋಟಿ ರೂಪಾಯಿಗೆ ಲೆಕ್ಕ ಸಿಗಲಿಲ್ಲ. 155ರಷ್ಟಿದ್ದ ಸಾರ್ವಜನಿಕ ಷೇರುದಾರರು ಕೆಲವೇ ವರ್ಷಗಳಲ್ಲಿ ಸುಮಾರು 1.1 ಲಕ್ಷವಾದರೆ, ಪ್ರವರ್ತಕರ, ಎಂದರೆ ಕಂಪನಿ ಕಟ್ಟಿ ನಡೆಸುವವರ ಪಾಲು ಶೇ 70ರಿಂದ ಶೇ 35ರ ಹತ್ತಿರಕ್ಕೆ ಇಳಿದಿತ್ತು. ತಾನೇ ತಯಾರಿಸುವ 30,000 ಕಾರುಗಳಿಗೆ ಮುಂಗಡ ಬೇಡಿಕೆ ಬಂದಿದೆ ಎಂಬ ಘೋಷಣೆಯ ಹಿಂದೆ ಇದ್ದದ್ದು ಬೆಲೆಯನ್ನಾಗಲಿ ಒದಗಿಸುವ ದಿನವನ್ನಾಗಲಿ ಹೇಳದ ಒಡಂಬಡಿಕೆಗಳು. ಷೇರು ವಿನಿಮಯ ಕೇಂದ್ರದ ಅಧಿಕಾರಿ ಪುಣೆಯಲ್ಲಿದ್ದ ಅದರ ಕಾರು ಘಟಕಕ್ಕೆ ಹೋದಾಗ ಅಲ್ಲಿ ಇಬ್ಬರೋ ಮೂವರೋ ಕೂಲಿಗಳಷ್ಟೇ ಇದ್ದರು. ಹಿಂದಿನ ಹನ್ನೆರಡು ತಿಂಗಳ ವಿದ್ಯುತ್ ಬಿಲ್ಲು ತರಿಸಿ ನೋಡಿದರೆ, ಅತಿ ಹೆಚ್ಚಿನದೇ ಸುಮಾರು 1.57 ಲಕ್ಷ ರೂಪಾಯಿ. ಪೀಣ್ಯದಲ್ಲಿ ಲೇತು ನಡೆಸುವ ಯಾವ ಮಾಲೀಕನಾದರೂ ಆ ಅಂಕಿಯನ್ನು ಕಂಡೊಡನೆ ಅಲ್ಲಿ ಕಾರು ತಯಾರಾಗುತ್ತಿಲ್ಲವೆಂದು ಹೇಳಬಲ್ಲ.

ಹೊರಬರುವ ಬಾಗಿಲು ಇಂಥ ಷೇರುಗಳಲ್ಲಿ ಇನ್ನೂ ಕಿರಿದು. ದಿನಕ್ಕೆ ಇಂತಿಷ್ಟೇ ಇಳಿಯಬಹುದೆಂಬ ಮಿತಿಯನ್ನು ಲೋಯರ್ ಸರ್ಕಿಟ್ ಎನ್ನುತ್ತಾರೆ. ಕೆಟ್ಟ ಸುದ್ದಿ ಬಂದಾಗ ಷೇರು ದಿನವೂ ಆ ಮಿತಿಗೆ ತಗುಲಿ ನಿಲ್ಲುತ್ತದೆ, ಮಾರುವವರ ಸಾಲು ಬೆಳೆಯುತ್ತದೆ, ಕೊಳ್ಳುವವರಿರುವುದಿಲ್ಲ. 2012ರಲ್ಲಿ ಆರಂಭವಾದ ಸಣ್ಣ ಉದ್ದಿಮೆಗಳ ವೇದಿಕೆಯಲ್ಲಿ ಷೇರುಗಳನ್ನು ಗಂಟುಗಟ್ಟಿಯೇ ವ್ಯವಹರಿಸಬೇಕು, ಕಂಪನಿಯ ಫಲಿತಾಂಶ ವರ್ಷಕ್ಕೆ ಎರಡೇ ಬಾರಿ ಬರುತ್ತದೆ. ಅಲ್ಲಿನ ಮೊದಲ ದಿನದ ಆರಂಭಿಕ ದರದ ಏರಿಕೆಗೆ 2024ರ ಜುಲೈಯಲ್ಲಿ ಶೇ 90ರ ಮಿತಿ ಹಾಕಿದ ಕೆಲವೇ ದಿನಗಳಲ್ಲಿ, 180 ರೂಪಾಯಿಗೆ ಹಂಚಿದ ಸಹಜ್ ಸೋಲಾರ್ ಷೇರು 342ಕ್ಕೆ, ಸರಿಯಾಗಿ ಆ ಮಿತಿಯ ತುದಿಯಲ್ಲಿಯೇ, ತೆರೆದುಕೊಂಡಿತು. ಬೇಲಿ ಹಾಕಿದರೆ ಆಸೆ ಬೇಲಿಯ ಎತ್ತರಕ್ಕೇ ಜಿಗಿಯುತ್ತದೆ.

ಎಲೆಕ್ಟ್ರಾನಿಕ್ ಸಿಟಿಯಲ್ಲಿ ನಿಜವಾದ ಸೌರ ಉದ್ಯಮ ಹಳೆಯದು. 1989ರಲ್ಲಿ ಟಾಟಾ ಬಿಪಿ ಸೋಲಾರ್ ಎಂಬ ಹೆಸರಿನಲ್ಲಿ ಹುಟ್ಟಿದ, ಮುಂದೆ ಟಾಟಾ ಪವರ್ ಸೋಲಾರ್ ಆದ ಕಂಪನಿ ಅಲ್ಲಿ ಫಲಕ ತಯಾರಿಸುತ್ತ ಬಂದಿದೆ. ಅದರ ಷೇರು ಪ್ರತ್ಯೇಕವಾಗಿ ಪೇಟೆಯಲ್ಲಿಲ್ಲ. ಕಣ್ಣೆದುರಿನ ಕಾರ್ಖಾನೆಗೆ ಷೇರಿಲ್ಲ, ಕೈಯಲ್ಲಿರುವ ಷೇರಿನ ಕಾರ್ಖಾನೆ ಕಾಣುವುದಿಲ್ಲ ಎಂಬ ಈ ಸ್ಥಿತಿಯಲ್ಲಿ ಸಣ್ಣ ಹೂಡಿಕೆದಾರ ಘಟಕದ ಬಾಗಿಲು ತಟ್ಟಿ ವಿದ್ಯುತ್ ಬಿಲ್ಲು ಕೇಳಲಾರ. ಅವನಿಗೆ ಉಳಿದಿರುವುದು ಕಾಗದದ ಮೇಲಿನ ಮೀಟರ್: ಲಾಭದ ಸಾಲಿಗಿಂತ ವ್ಯಾಪಾರದಿಂದ ನಿಜವಾಗಿ ಕೈಸೇರಿದ ನಗದು, ಬರಬೇಕಾದ ಬಾಕಿ ಎಷ್ಟು ದಿನದ್ದು, ಪ್ರವರ್ತಕರ ಪಾಲು ಏರುತ್ತಿದೆಯೋ ಕರಗುತ್ತಿದೆಯೋ, ಷೇರುಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಎಷ್ಟು ಹೆಚ್ಚಿತು. ಇವೆಲ್ಲ ವಿನಿಮಯ ಕೇಂದ್ರಗಳ ತಾಣಗಳಲ್ಲಿ ಬಿಟ್ಟಿಯಾಗಿ ಸಿಗುತ್ತವೆ. ಅವೂ ಉತ್ತರ ಕೊಡದಿದ್ದಲ್ಲಿ ಹೂಡುವ ಮೊತ್ತ, ಪೀಣ್ಯದ ಮಾಲೀಕ ಮುಖಪರಿಚಯವಿಲ್ಲದ ಗಿರಾಕಿಗೆ ಕೊಡುವ ಉದ್ದರಿಯಷ್ಟಿದ್ದರೆ ಸಾಕು.