ಒಂದೇ ಸರಕು, ಸಾಲು ಅಂಗಡಿ

ಮುಂಬಯಿಗೆ ಹೋದವರು ಕೊಲಾಬಾದ ಫುಟ್‌ಪಾತಿನಲ್ಲಿ ಎರಡು ಸರ, ಒಂದು ಬ್ಯಾಗು ಕೊಂಡು 'ಪೇಟೆ ನೋಡಿಯಾಯ್ತು' ಅಂದರೆ ನನಗೆ ರೇಗುತ್ತದೆ. ಆ ಊರಿನ ಅಸಲಿ ಪೇಟೆ ಇರುವುದು ಸಿಎಸ್‌ಎಂಟಿ ನಿಲ್ದಾಣದ ಉತ್ತರಕ್ಕೆ, ಕ್ರಾಫರ್ಡ್ ಮಾರ್ಕೆಟ್‌ನಿಂದ ಭುಲೇಶ್ವರದವರೆಗೆ. ಅಲ್ಲಿಗೆ ಟ್ಯಾಕ್ಸಿ ಹತ್ತಿ ಹೋದರೆ ಕೈಗಾಡಿಯ ಹಿಂದೆ ಸಿಕ್ಕಿಕೊಂಡು ಕೂರಬೇಕು. ನಡೆಯುವುದೇ ಲೇಸು.

ಕ್ರಾಫರ್ಡ್ ಮಾರ್ಕೆಟ್ 1869ರದ್ದು. ಮಹಾತ್ಮಾ ಜ್ಯೋತಿಬಾ ಫುಲೆ ಮಂಡಈ ಎಂದು ಹೆಸರು ಬದಲಾಗಿದ್ದರೂ ಜನರ ಬಾಯಲ್ಲಿ ಅದಿನ್ನೂ ಕ್ರಾಫರ್ಡೇ. ಹಣ್ಣಿನ ರೇಟು ಕೇಳುವ ಮೊದಲು ಹೊರಗೆ ನಿಂತು ಬಾಗಿಲ ಮೇಲಿನ ಕೆತ್ತನೆ ನೋಡಿ. ಅದು ರಡ್ಯಾರ್ಡ್ ಕಿಪ್ಲಿಂಗ್‌ನ ತಂದೆ ಲಾಕ್‌ವುಡ್ ಕಿಪ್ಲಿಂಗ್‌ನ ಕೈಚಳಕ, ಎದುರಿನ ಜೆ.ಜೆ. ಕಲಾಶಾಲೆಯಲ್ಲಿ ಆತ ಮೇಷ್ಟ್ರಾಗಿದ್ದ.

ಒಳಗೆ ಹೆಚ್ಚು ಹೊತ್ತು ಬೇಡ. ರಸ್ತೆ ದಾಟಿದರೆ ಮಂಗಲದಾಸ್ ಮಾರ್ಕೆಟ್. ಸೂರಿನಡಿ ಕಿರುದಾರಿಗಳು, ಇಕ್ಕೆಲದಲ್ಲೂ ಬಟ್ಟೆಯ ಥಾನುಗಳು. ಕತ್ತರಿ ಹಿಡಿದವರೆದುರು 'ಸುಮ್ಮನೆ ನೋಡ್ತಿದೀನಿ' ಅನ್ನಲು ಗಟ್ಟಿ ಎದೆ ಬೇಕು. ಅಲ್ಲಿಂದಾಚೆ ಗಲ್ಲಿಗೊಂದು ಸರಕು. ಲೋಹಾರ್ ಚಾಳಿನಲ್ಲಿ ವೈರು, ದೀಪ. ತಾಂಬಾ ಕಾಂಟಾದಲ್ಲಿ ತಾಮ್ರ, ಹಿತ್ತಾಳೆ, ಸ್ಟೀಲಿನ ಪಾತ್ರೆ. ಶೇಖ್ ಮೆಮನ್ ರಸ್ತೆಯ ಝವೇರಿ ಬಜಾರಿನಲ್ಲಿ ಚಿನ್ನ.

ಒಂದೇ ಮಾಲು ಮಾರುವವರು ಹೀಗೆ ಮೈಗೆ ಮೈ ತಾಗಿಸಿ ಕೂತರೆ ಹೊಟ್ಟೆ ತುಂಬುವುದು ಹೇಗೆ? ತುಂಬುತ್ತದೆ, ಹೀಗೆ ಕೂತಿದ್ದಕ್ಕೇ. ದೂರದೂರಿನ ಅಂಗಡಿಯವನು ಸಗಟು ಖರೀದಿಗೆ ಬಂದಾಗ ಒಂದೇ ಗಲ್ಲಿಯಲ್ಲಿ ದರ ತಾಳೆ ನೋಡಬಹುದು. ಕೇಳಿದ ಅಳತೆ ತನ್ನಲ್ಲಿಲ್ಲದಿದ್ದರೆ ಮಾಲೀಕ ಗಿರಾಕಿಯನ್ನು ಕೂರಿಸಿ, ಚಹಾ ತರಿಸಿ, ಪಕ್ಕದವನಿಂದ ಮಾಲು ತರಲು ಹುಡುಗನನ್ನು ಓಡಿಸುತ್ತಾನೆ. ಲೆಕ್ಕ ಆಮೇಲೆ. ಯಾರು ನಂಬಿಕಸ್ಥ, ಯಾರ ಸಾಲ ವಸೂಲಾಗದು ಎಂಬುದೂ ಗಲ್ಲಿಗೆಲ್ಲ ಗೊತ್ತು. ನಮ್ಮ ಬೆಂಗಳೂರಿನ ಬಳೇಪೇಟೆ, ಅಕ್ಕಿಪೇಟೆ, ತರಗುಪೇಟೆಗಳು ಹುಟ್ಟಿದ್ದೂ ಇದೇ ಲೆಕ್ಕಾಚಾರದಲ್ಲಿ. ಮಾಲ್‌ಗಳಲ್ಲಿ ನನಗೆ ಆಕಳಿಕೆ ಬರುವುದು ಇದಿಲ್ಲದ್ದಕ್ಕೆ: ಅಲ್ಲಿ ಬೋರ್ಡು ನೂರು, ಮಾತಾಡುವ ಅಂಗಡಿಯವನು ಒಬ್ಬನೂ ಇಲ್ಲ.

ಝವೇರಿ ಬಜಾರಿನಲ್ಲಿ ಷೋಕೇಸ್ ಬಿಟ್ಟು ನೆಲ ನೋಡಿ. ಅಕ್ಕಸಾಲಿಗರ ಕೋಣೆಯ ಕಸ, ರಸ್ತೆಯ ದೂಳು, ಚರಂಡಿಯ ಕೆಸರು, ಎಲ್ಲವನ್ನೂ ಗುಡಿಸಿ, ತೊಳೆದು, ಜಾಲಿಸಿ ಚಿನ್ನದ ಕಣ ಹೆಕ್ಕುವವರಿದ್ದಾರೆ. ಅವರಿಗೆ ನಿಯಾರಿಯಾ ಎನ್ನುತ್ತಾರೆ. ಅರ, ಉಜ್ಜುಗಾಗದ ತಾಗಿದಲ್ಲೆಲ್ಲ ಪುಡಿ ಉದುರುವುದರಿಂದ ಅಲ್ಲಿನ ಕಸಕ್ಕೂ ಬೆಲೆ ಕಟ್ಟುವವರುಂಟು. ಈ ಅಂಗಡಿಗಳ ನಡುವೆಯೇ ಮುಂಬಾದೇವಿಯ ಗುಡಿ. ಊರಿಗೆ ಹೆಸರು ಕೊಟ್ಟ ದೇವತೆಗೂ ಒಂದಿಷ್ಟು ಬಯಲಿಲ್ಲ.

ಬೆಳಿಗ್ಗೆ ಬೇಗ ಹೋಗಬೇಡಿ. ಹನ್ನೊಂದರವರೆಗೆ ಅರ್ಧಕ್ಕರ್ಧ ಷಟರ್ ಇಳಿದೇ ಇರುತ್ತವೆ. ಭಾನುವಾರ ಬಹುತೇಕ ರಜೆ. ಚೋರ್ ಬಜಾರನ್ನು ಈ ಸುತ್ತಾಟದ ದಿನಕ್ಕೇ ಗಂಟು ಹಾಕಬೇಡಿ. ಅಲ್ಲಿನ ಮಟನ್ ಸ್ಟ್ರೀಟಿನ ಹಳೇ ಗ್ರಾಮಫೋನು, ಸಿನಿಮಾ ಪೋಸ್ಟರುಗಳಿಗೆ ಬೇರೆಯದೇ ತಾಳ್ಮೆ ಬೇಕು. ಆ ಅಂಗಡಿಗಳು ಬಾಗಿಲು ಹಾಕುವುದು ಶುಕ್ರವಾರ.