ಅಂಬರನಾಥದ ಶಿಖರ: ದೃಷ್ಟಿಭ್ರಮೆಯ ಒಂದು ವಿವೇಚನೆ

ಭಾರತೀಯ ಶಿಲ್ಪಿಗಳಿಗೆ ಯಥಾದರ್ಶನದ ಅರಿವಿರಲಿಲ್ಲ, ಸಮೀಪದ್ದು ಹಿರಿದಾಗಿ ದೂರದ್ದು ಕಿರಿದಾಗಿ ಕಾಣುವ ಕ್ರಮವನ್ನು ಅವರು ಕಲೆಗೆ ತಂದುಕೊಳ್ಳಲಿಲ್ಲ ಎಂಬ ಅಭಿಪ್ರಾಯ ಕಲಾವಿಮರ್ಶೆಯಲ್ಲಿ ಬಹುಕಾಲದಿಂದ ಪ್ರಚಲಿತವಾಗಿದೆ. ಈ ಅಭಿಪ್ರಾಯ ಬಹುಮಟ್ಟಿಗೆ ಚಿತ್ರಕಲೆಯನ್ನು ಆಧರಿಸಿದುದು. ದೇವಾಲಯವನ್ನು ಎದುರಿಗಿಟ್ಟುಕೊಂಡರೆ ಅದು ಹಾಗೆಯೇ ನಿಲ್ಲುವುದೇ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಬರಹದ ಉದ್ದೇಶ.

ಠಾಣೆ ಜಿಲ್ಲೆಯ ಕಲ್ಯಾಣಕ್ಕೆ ಸಮೀಪದಲ್ಲಿರುವ ಅಂಬರನಾಥದ ಶಿವಾಲಯವು ಉತ್ತರ ಕೊಂಕಣದ ಶಿಲಾಹಾರರ ನಿರ್ಮಿತಿ. ಅಲ್ಲಿಯ ಶಾಸನದ ಕಾಲ ಶಕ 982, ಎಂದರೆ ಕ್ರಿ.ಶ. 1060. ಛಿತ್ತರಾಜನು ಆರಂಭಿಸಿದ ಕಾರ್ಯವನ್ನು ಅವನ ತಮ್ಮ ಮುಮ್ಮುಣಿಯು ಪೂರ್ಣಗೊಳಿಸಿದನೆಂದು ವಿದ್ವಾಂಸರು ತಿಳಿಯುತ್ತಾರೆ. ಈ ಮನೆತನ ಕನ್ನಡಕ್ಕೆ ಹೊರಗಿನದಲ್ಲ. ಇವರ ಪೂರ್ವಜ ಕಪರ್ದಿಯು ನೃಪತುಂಗ ಅಮೋಘವರ್ಷನ ಸಾಮಂತನಾಗಿದ್ದುದಕ್ಕೆ ಕನ್ಹೇರಿಯ 9ನೆಯ ಶತಮಾನದ ಶಾಸನಗಳು ಸಾಕ್ಷಿ.

ದೇವಾಲಯದ ಶಿಖರ ಭೂಮಿಜ ಶೈಲಿಯದು. ನಾಲ್ಕು ದಿಕ್ಕುಗಳಲ್ಲಿ ನಾಲ್ಕು ಪಟ್ಟಿಕೆಗಳು ಮೇಲೇರುತ್ತವೆ. ಅವುಗಳ ನಡುವೆ ಕಿರುಶಿಖರಗಳು ಸಾಲುಸಾಲಾಗಿ ಒಂದರ ಮೇಲೊಂದು ನಿಲ್ಲುತ್ತವೆ. ರೂಪ ಒಂದೇ, ಮೇಲೇರಿದಂತೆ ಗಾತ್ರ ಮಾತ್ರ ಕುಗ್ಗುತ್ತದೆ. ಒಂದೇ ರೂಪದ ವಸ್ತುಗಳನ್ನು ಸಮಾನ ಗಾತ್ರದವೆಂದು ಭಾವಿಸುವುದು ಕಣ್ಣಿನ ಸ್ವಭಾವ. ಆದ್ದರಿಂದ ಅದು ಕಿರಿದಾದುದನ್ನು ದೂರದ್ದೆಂದು ಗ್ರಹಿಸುತ್ತದೆ, ಶಿಖರವು ಇದ್ದುದಕ್ಕಿಂತ ಎತ್ತರವಾಗಿ ತೋರುತ್ತದೆ.

ರೋಮಿನ ಸ್ಪಾದಾ ಅರಮನೆಯಲ್ಲಿ 1652-53ರಲ್ಲಿ ಬೊರ್ರೊಮಿನಿ ಕಟ್ಟಿದ ಕಂಬಸಾಲಿನ ಮೊಗಸಾಲೆಯನ್ನು ಇಲ್ಲಿ ನೆನೆಯಬಹುದು. ಒಳಹೋದಂತೆ ಕಂಬಗಳು ಗಿಡ್ಡವಾಗುತ್ತವೆ, ನೆಲ ಏರುತ್ತದೆ. ಸುಮಾರು 9 ಮೀಟರಿನ ಹಾದಿ ಅದರ ಹಲವು ಪಟ್ಟು ಉದ್ದವಾಗಿ ತೋರುತ್ತದೆ. ಅಲ್ಲಿ ಆಳಕ್ಕೆ ಬಳಸಿದ ಉಪಾಯವೇ ಇಲ್ಲಿ ಎತ್ತರಕ್ಕೆ ಸಂದಿದೆ. ಆದರೆ ಬೊರ್ರೊಮಿನಿಯ ಭ್ರಮೆ ಎದುರಿಗೆ ನಿಂತವನಿಗೆ ಮಾತ್ರ. ಒಳಗೆ ಹೆಜ್ಜೆಯಿಟ್ಟೊಡನೆ ಅದು ಕಳಚುತ್ತದೆ. ಅಂಬರನಾಥದ ತಲವಿನ್ಯಾಸ ಮೂಲೆಗೆ ಮೂಲೆ ತಾಗಿಸಿದ ಎರಡು ಚೌಕಗಳಂತಿದ್ದು, ಗೋಡೆ ಅಡಿಗಡಿಗೆ ಮಡಿಕೆಗೊಳ್ಳುತ್ತದೆ. ಪ್ರದಕ್ಷಿಣೆ ಬರುವವನಿಗೆ ಒಂದು ಅಂಚು ಮರೆಯಾಗುವಾಗ ಇನ್ನೊಂದು ತೆರೆದುಕೊಳ್ಳುತ್ತದೆ. ಗದಗ ಜಿಲ್ಲೆಯ ಡಂಬಳದ ದೊಡ್ಡಬಸಪ್ಪ ಗುಡಿಯ 24 ಮೂಲೆಗಳ ನಕ್ಷತ್ರವಿನ್ಯಾಸದಲ್ಲಿಯೂ ಇದೇ ಅನುಭವವುಂಟು. ಇದು ನಿಂತ ಕಣ್ಣಿನ ಯಥಾದರ್ಶನವಲ್ಲ, ನಡೆಯುವ ಕಣ್ಣಿನದು.

ಶಿಖರ ಕಿರಿದಾದಂತೆ ಅಂಗಗಳೂ ಕಿರಿದಾಗಲೇಬೇಕು, ಇದರಲ್ಲಿ ಉದ್ದೇಶವನ್ನು ಆರೋಪಿಸುವುದೇಕೆ ಎಂಬ ಆಕ್ಷೇಪ ಬರಬಹುದು. ಆಕ್ಷೇಪ ಸಾಧುವಾದುದೇ. ಆದರೆ ಶಿಲ್ಪಿಗೆ ಬೇರೆ ದಾರಿಯೂ ಇದ್ದಿತು. ದ್ರಾವಿಡ ವಿಮಾನಗಳಲ್ಲಿ ಮೇಲಿನ ತಲಗಳಿಗೆ ಹೋದಂತೆ ಕೂಟ-ಶಾಲೆಗಳ ಸಂಖ್ಯೆಯನ್ನೇ ಇಳಿಸುವ ಕ್ರಮವುಂಟು. ಪಟ್ಟದಕಲ್ಲಿನ ವಿರೂಪಾಕ್ಷ ಅದಕ್ಕೆ ನಿದರ್ಶನ. ಭೂಮಿಜದ ಶಿಲ್ಪಿ ಸಂಖ್ಯೆಯನ್ನು ಉಳಿಸಿಕೊಂಡು ಗಾತ್ರವನ್ನು ಇಳಿಸಿದನು. ಅವನ ಮನಸ್ಸಿನಲ್ಲಿ ಭ್ರಮೆಯೆಂಬ ಪದ ಇದ್ದಿತೋ ಇಲ್ಲವೋ, ಆಯ್ಕೆಯಂತೂ ಇದ್ದಿತು. ವಿಮರ್ಶೆಗೆ ಅಷ್ಟು ಆಧಾರ ಸಾಕು.

ಹೊರಗೆ ಹೀಗೆ ಮೇಲಕ್ಕೆ ಸೆಳೆದ ದೃಷ್ಟಿಯನ್ನು ಒಳಗೆ ಅದೇ ಕಟ್ಟಡ ಕೆಳಕ್ಕೆ ಇಳಿಸುತ್ತದೆ. ಮಂಟಪದಿಂದ ಗರ್ಭಗೃಹಕ್ಕೆ ಸುಮಾರು 20 ಮೆಟ್ಟಿಲು ಇಳಿಯಬೇಕು. ಇಂದು ಆ ಗರ್ಭಗೃಹ ಮೇಲೆ ಆಕಾಶಕ್ಕೆ ತೆರೆದಿದೆ. ಶಿಖರದ ಮೇಲ್ಭಾಗ ಉಳಿದಿಲ್ಲವಾದುದರಿಂದ ಹೊರಗಿನ ಪರಿಣಾಮವನ್ನು ಕೆಳಗಿನ ಸಾಲುಗಳಿಂದಲೇ ಊಹಿಸಬೇಕಾಗಿದೆ. ಮಧ್ಯಪ್ರದೇಶದ ಉದಯಪುರದಲ್ಲಿರುವ ಉದಯೇಶ್ವರವು (1080) ಆ ಊಹೆಗೆ ನೆರವಾಗಬಲ್ಲದು.

ಆದುದರಿಂದ ಉಳಿದ ಸಾಲುಗಳ ಗಾತ್ರ ಯಾವ ಪ್ರಮಾಣದಲ್ಲಿ ಕುಗ್ಗುತ್ತದೆಂಬುದನ್ನು ಅಳೆದು, ಉದಯೇಶ್ವರದೊಡನೆ ಹೋಲಿಸುವ ಕೆಲಸ ನಡೆಯಬೇಕು. ಡೊಂಬಿವಲಿ, ಕಲ್ಯಾಣಗಳಲ್ಲಿ ನೆಲೆಸಿರುವ ಕನ್ನಡ ಸಂಶೋಧಕರಿಗೆ ಇದು ಕೈಗೆಟಕುವ ಕೆಲಸ. ಇಂದಿನ ರಾಜ್ಯದ ಗಡಿಯನ್ನೇ ಕನ್ನಡ ಕಲಾಚರಿತ್ರೆಯ ಗಡಿಯೆಂದು ತಿಳಿದರೆ ಮಾತ್ರ ಅದು ಪರರ ಕೆಲಸವಾಗಿ ಉಳಿಯುತ್ತದೆ.